ಹಳೆಯ ಕಟ್ಟಡದ ಚಿತ್ರ, ನಕ್ಷೆ ಹುಡುಕಿ ಓದುವುದು ಹೇಗೆ?

ಬೆಂಗಳೂರಿನ ಒಂದು ಹಳೆಯ ಕಟ್ಟಡ ಮೊದಲು ಹೇಗಿತ್ತು ಅಂತ ತಿಳಿಯಲು ಎರಡು ಥರದ ದಾಖಲೆ ಸಿಗುತ್ತವೆ. ಒಂದು, ಕಲಾವಿದರು ಕಂಡು ಬರೆದ ಚಿತ್ರ. ಇನ್ನೊಂದು, ಕಟ್ಟುವವರಿಗಾಗಿ ಎಳೆದ ನಕ್ಷೆ. ನಾನು ಲೋಕೋಪಯೋಗಿ ಇಲಾಖೆಯಲ್ಲಿ ಡ್ರಾಫ್ಟ್ಸ್‌ಮನ್ ಆಗಿದ್ದವನು, ನಕ್ಷೆಯ ಮೇಲೆ ಪ್ರೀತಿ ಜಾಸ್ತಿ. ಆದರೂ ಯಾವುದೇ ಒಂದನ್ನು ಪೂರ್ತಿ ನಂಬಬೇಡಿ. ಎರಡರ ಪ್ರತಿಯನ್ನೂ ಹಿಡಿದು ಕಟ್ಟಡದ ಮುಂದೆ ಹೋಗಿ ನಿಲ್ಲಿ. ಅಲ್ಲಿ ನಿಂತಾಗಲೇ ಯಾವುದು ನಿಜ ಅಂತ ಗೊತ್ತಾಗುವುದು.

ಮೊದಲು ಒಂದೇ ಕಟ್ಟಡ ಆರಿಸಿಕೊಳ್ಳಿ. ಸುಮ್ನೆ ‘ಹಳೇ ಬೆಂಗಳೂರು’ ಅಂತ ಹುಡುಕಿದರೆ ರಾಶಿ ಚಿತ್ರ ಬರುತ್ತವೆ, ಯಾವುದೂ ಉಪಯೋಗಕ್ಕೆ ಬರುವುದಿಲ್ಲ. ಹೊಸಬರಿಗೆ ನಾನು ಹೇಳುವುದು ಕೆ.ಆರ್. ಮಾರುಕಟ್ಟೆ ಹತ್ತಿರದ ಟಿಪ್ಪು ಅರಮನೆ. ಟಿಕೆಟ್ ತಗೊಂಡು ಒಳಗೆಲ್ಲ ಓಡಾಡಬಹುದು, ತೇಗದ ಕಂಬಗಳನ್ನು ಹತ್ತಿರದಿಂದ ನೋಡಬಹುದು. ಅದರ ಚಿತ್ರಗಳೂ ಸುಲಭವಾಗಿ ಸಿಗುತ್ತವೆ.

ಈ ಅರಮನೆ ಮುಗಿದದ್ದು 1791ರಲ್ಲಿ. ಅದೇ ವರ್ಷ ಮಾರ್ಚ್‌ನಲ್ಲಿ ಬ್ರಿಟಿಷ್ ಗವರ್ನರ್ ಜನರಲ್ ಕಾರ್ನ್‌ವಾಲಿಸ್‌ನ ಸೇನೆ ಬೆಂಗಳೂರು ಕೋಟೆ ಹಿಡಿಯಿತು. ಆ ಸೇನೆಯ ಜೊತೆ ರಾಬರ್ಟ್ ಹೋಮ್ ಎಂಬ ಕಲಾವಿದ ಬಂದಿದ್ದ. ಫಿರಂಗಿ ದಳದ ಲೆಫ್ಟಿನೆಂಟ್ ಜೇಮ್ಸ್ ಹಂಟರ್ ಕೂಡ ಕೋಟೆ, ಅರಮನೆ, ಬೀದಿಗಳ ಚಿತ್ರ ಬರೆದ. ಇಬ್ಬರ ಚಿತ್ರಗಳೂ ಲಂಡನ್ನಿನಲ್ಲಿ ಅಚ್ಚಾದವು. ಪ್ರತಿಗಳು ಬ್ರಿಟಿಷ್ ಲೈಬ್ರರಿಯಲ್ಲಿವೆ. ವಿಕಿಮೀಡಿಯ ಕಾಮನ್ಸ್‌ನಲ್ಲಿ ದುಡ್ಡಿಲ್ಲದೆ ಸಿಗುತ್ತವೆ.

ಚಿತ್ರ ಸಿಕ್ಕ ಕೂಡಲೇ ಎರಡು ಇಸವಿ ಹುಡುಕಿ: ಬರೆದದ್ದು ಯಾವಾಗ, ಅಚ್ಚಾದದ್ದು ಯಾವಾಗ? ಹಂಟರ್ ತೀರಿಕೊಂಡದ್ದು 1792ರಲ್ಲಿ. ಅವನ ಚಿತ್ರಗಳನ್ನು ಎಡ್ವರ್ಡ್ ಓರ್ಮ್ ಅಚ್ಚು ಹಾಕಿಸಿದ್ದು 1804–05ರಲ್ಲಿ. ಅಂದರೆ ಅಚ್ಚಿನ ಬಣ್ಣ ಸರಿಯಾಗಿದೆಯೇ ಅಂತ ನೋಡಲು ಚಿತ್ರಕಾರನೇ ಇರಲಿಲ್ಲ. ಆದ್ದರಿಂದ ಅಚ್ಚಿನ ಪ್ರತಿ ನೋಡಿ ‘ಗೋಡೆಗೆ ಆಗ ಈ ಬಣ್ಣ ಇತ್ತು’ ಅಂತ ಬರೆಯಬೇಡಿ. ಬಣ್ಣ ಬಿಡಿ, ಎಣಿಸಲು ಬರುವುದನ್ನು ಎಣಿಸಿ. ಕಂಬ ಎಷ್ಟು, ಕಮಾನು ಎಷ್ಟು, ಮೆಟ್ಟಿಲು ಯಾವ ಕಡೆ, ಮಹಡಿ ಎಷ್ಟು. ಚಿತ್ರದ ಪ್ರಿಂಟ್ ಹಿಡಿದು ಅರಮನೆ ಮುಂದೆ ನಿಂತು ಒಂದೊಂದಾಗಿ ಗುರುತು ಹಾಕಿ. ಹೊಂದದ ಜಾಗಕ್ಕೆ ಸುತ್ತು ಹಾಕಿ. ಮುಂದೆ ಕಾಗದಗಳಲ್ಲಿ ನೀವು ಹುಡುಕಬೇಕಾದದ್ದು ಆ ಸುತ್ತು ಹಾಕಿದ ಜಾಗಗಳನ್ನೇ.

ಇನ್ನು ಕಾಗದಪತ್ರಕ್ಕೆ ಬರೋಣ. 1831ರಿಂದ 1868ರವರೆಗೆ ಇದೇ ಅರಮನೆಯಲ್ಲಿ ಬ್ರಿಟಿಷ್ ಆಡಳಿತದ ಕಚೇರಿ ಇತ್ತು. ಆಮೇಲೆ ಅದು ಬ್ರಿಟಿಷ್ ಎಂಜಿನಿಯರ್ ಸ್ಯಾಂಕಿ ಕಟ್ಟಿಸಿದ ಕೆಂಪು ಅಠಾರ ಕಚೇರಿಗೆ, ಅಂದರೆ ಈಗಿನ ಹೈಕೋರ್ಟ್ ಕಟ್ಟಡಕ್ಕೆ ಹೋಯಿತು. ಹಾಗಾಗಿ ಆ ಕಾಲದ ಕಡತಗಳ ಸೂಚಿಗಳಲ್ಲಿ ಅರಮನೆ ಅಂತ ಮಾತ್ರ ಹುಡುಕಿದರೆ ಸಾಲದು, ಕಚೇರಿ ಅಂತಲೂ ಹುಡುಕಬೇಕು. ಅಠಾರ ಕಚೇರಿಯ ಹಳೆಯ ಫೋಟೋಗಳಿಗೆ ‘ಪಬ್ಲಿಕ್ ಆಫೀಸಸ್’ ಅಂತ ಹೆಸರಿರುತ್ತದೆ.

ಕಟ್ಟಡ ಪೇಟೆಯಲ್ಲಿತ್ತೋ ದಂಡಿನಲ್ಲಿತ್ತೋ (ಅಂದರೆ ಬ್ರಿಟಿಷರ ಕಂಟೋನ್ಮೆಂಟಿನಲ್ಲಿ) ಅನ್ನುವುದೂ ಮುಖ್ಯ. ಪೇಟೆಯ ಕಟ್ಟಡವಾದರೆ ಮೈಸೂರು ಸಂಸ್ಥಾನದ ಕಡತಗಳಿಗೆ ರಾಜ್ಯ ಪತ್ರಾಗಾರ ಇಲಾಖೆಗೆ ಹೋಗಬೇಕು. ಸಂಸ್ಥಾನದ ಆಡಳಿತ ಒಡೆಯರಿಗೆ ಮರಳಿದ್ದು 1881ರಲ್ಲಿ, ದಂಡು ಪ್ರದೇಶ ಮಾತ್ರ ಅದಾದ ಮೇಲೂ ಬ್ರಿಟಿಷರ ಕೈಯಲ್ಲೇ ಉಳಿದು, ಮೈಸೂರಿಗೆ ಮರಳಿದ್ದು 1947ರಲ್ಲಿ. ಅಲ್ಲಿನ ಕಟ್ಟಡಕ್ಕಾದರೆ ದೆಹಲಿಯ ರಾಷ್ಟ್ರೀಯ ಪತ್ರಾಗಾರದ ‘ಅಭಿಲೇಖ್ ಪಟಲ್’ ಜಾಲತಾಣದಲ್ಲಿ ಮೈಸೂರು ರೆಸಿಡೆನ್ಸಿಯ (ಬ್ರಿಟಿಷ್ ಪ್ರತಿನಿಧಿಯ ಕಚೇರಿ) ಕಡತಗಳನ್ನು ಮನೆಯಲ್ಲೇ ಕೂತು ಹುಡುಕಬಹುದು. ಊರಿನ ಹೆಸರನ್ನು ಹಳೆಯ ಇಂಗ್ಲಿಷ್ ಕಾಗುಣಿತಗಳಲ್ಲೂ ಕೊಟ್ಟು ನೋಡಿ.

ಪತ್ರಾಗಾರಕ್ಕೆ ಗುರುತಿನ ಚೀಟಿ, ಏನು ಬೇಕು ಅಂತ ಬರೆದ ಅರ್ಜಿ, ಪೆನ್ಸಿಲ್ ತಗೊಂಡು ಹೋಗಿ. ಪೆನ್ನು ಬೇಡ. ನಕ್ಷೆ ಸಿಗದಿದ್ದರೆ ಎಸ್ಟಿಮೇಟ್, ಅಂದರೆ ಖರ್ಚಿನ ಅಂದಾಜು ಪಟ್ಟಿ ಕೇಳಿ. ಎಷ್ಟು ತೇಗ, ಎಷ್ಟು ಸುಣ್ಣ, ಎಷ್ಟು ಹೆಂಚು ಅಂತ ಅದರಲ್ಲಿ ಬರೆದಿರುತ್ತದೆ. ಅಷ್ಟು ಸಿಕ್ಕರೂ ಕಟ್ಟಡದ ಅರ್ಧ ಕಥೆ ಗೊತ್ತಾಗುತ್ತದೆ.

ನಕ್ಷೆ ಕೈಗೆ ಬಂದರೆ ಮೊದಲು ಅಂಚಿನ ಬರಹ ಓದಿ. ಎಳೆದವರು, ಟ್ರೇಸ್ ಮಾಡಿದವರು, ಪರಿಶೀಲಿಸಿದವರು, ಮಂಜೂರು ಮಾಡಿದವರು: ಈ ಸಹಿಗಳು ಬೇರೆ ಬೇರೆ. ಮಂಜೂರಾತಿ ಸಹಿ ಇಲ್ಲದಿದ್ದರೆ ಅದು ಬರೀ ಪ್ರಸ್ತಾವ ಇರಬಹುದು. ಬಣ್ಣ ಹಾಕಿದ ನಕ್ಷೆಯಲ್ಲಿ ಸಾಮಾನ್ಯವಾಗಿ ಹೊಸದಾಗಿ ಕಟ್ಟುವುದು ಕೆಂಪು, ಕೆಡವುವುದು ಹಳದಿ. ಆದರೂ ಆ ಹಾಳೆಯಲ್ಲೇ ಬಣ್ಣದ ವಿವರ ಇದೆಯೇ ನೋಡಿ. ಜೆರಾಕ್ಸ್ ಅಥವಾ ಫೋಟೋ ಮೇಲೆ ಅಳತೆ ತೆಗೆಯುವುದಾದರೆ ‘ಒಂದು ಇಂಚಿಗೆ ಎಂಟು ಅಡಿ’ ಅಂತ ಬರೆದದ್ದನ್ನು ನಂಬಬೇಡಿ. ಪ್ರತಿ ಹಿಗ್ಗಿರುತ್ತದೆ, ಇಲ್ಲವೇ ಕುಗ್ಗಿರುತ್ತದೆ. ಗೆರೆಯಲ್ಲಿ ಎಳೆದ ಸ್ಕೇಲ್ ಇದ್ದರೆ ಅದೇ ಆಧಾರ. ಇಲ್ಲದಿದ್ದರೆ ಇವತ್ತಿಗೂ ನಿಂತಿರುವ ಒಂದು ಬಾಗಿಲಿನ ಅಗಲ ಅಳೆದು ಅದಕ್ಕೆ ತಾಳೆ ನೋಡಿ.

ಮುಟ್ಟುವಾಗ ಜೋಪಾನ. ನಕ್ಷೆಯ ಪ್ರತಿ ಎಳೆಯುವ ಟ್ರೇಸಿಂಗ್ ಬಟ್ಟೆಗೆ ಗಂಜಿ ಹಾಕಿರುತ್ತಾರೆ, ಒಂದು ಹನಿ ನೀರು ಬಿದ್ದರೂ ಕಲೆ ಉಳಿಯುತ್ತದೆ. ಅಮೋನಿಯಾ ಬಳಸಿ ತೆಗೆದ ನಕ್ಷೆಯ ಪ್ರಿಂಟ್ ಬಿಸಿಲಿಗೆ ಮಾಸುತ್ತದೆ. ಮಡಿಕೆಯನ್ನು ಒತ್ತಿ ಬಿಡಿಸಬೇಡಿ, ಸಿಬ್ಬಂದಿಯನ್ನು ಕರೆಯಿರಿ.

ಶಂಕುಸ್ಥಾಪನೆಯ ಕಲ್ಲು ನೋಡಿ ನಕ್ಷೆಯ ಕಾಲ ಹೇಳುವಾಗಲೂ ನಿಧಾನಿಸಿ. ವಿಧಾನಸೌಧವನ್ನೇ ನೋಡಿ. ಕಲ್ಲು ಹಾಕಿದ್ದು 1951ರಲ್ಲಿ, ಕೆ.ಸಿ. ರೆಡ್ಡಿಯವರ ಕಾಲದಲ್ಲಿ. ಆಗ ಯೋಚಿಸಿದ್ದು ಇದಕ್ಕಿಂತ ಸರಳವಾದ ಕಟ್ಟಡ. ಕೆಂಗಲ್ ಹನುಮಂತಯ್ಯನವರು ಬಂದ ಮೇಲೆ ವಿನ್ಯಾಸ ಬದಲಾಯಿತು, ಬಿ.ಆರ್. ಮಾಣಿಕಂ ಅವರು ಅದನ್ನು ರೂಪಿಸಿದರು. ಕಟ್ಟಡ ಮುಗಿದದ್ದು 1956ರಲ್ಲಿ. ಮುಂಬೈನ ವಿಕ್ಟೋರಿಯಾ ಟರ್ಮಿನಸ್ (ಈಗಿನ ಛತ್ರಪತಿ ಶಿವಾಜಿ ಮಹಾರಾಜ್ ಟರ್ಮಿನಸ್) ರೈಲು ನಿಲ್ದಾಣದ್ದು ಇನ್ನೊಂದು ಥರ. ಎಫ್.ಡಬ್ಲ್ಯು. ಸ್ಟೀವನ್ಸ್ ಅವರ ವಿನ್ಯಾಸವನ್ನು ಆಕ್ಸೆಲ್ ಹೇಗ್ ಎಂಬ ಡ್ರಾಫ್ಟ್ಸ್‌ಮನ್ 1878ರಲ್ಲೇ ಜಲವರ್ಣದಲ್ಲಿ ಬರೆದಿದ್ದ. ನಿಲ್ದಾಣ ಮುಗಿದದ್ದು ಅದಾದ ಸುಮಾರು ಹತ್ತು ವರ್ಷಕ್ಕೆ. ಎಷ್ಟು ಚೆಂದ ಇದ್ದರೂ ಅದು ಕಟ್ಟಬೇಕಾದ ಕಟ್ಟಡದ ಚಿತ್ರ, ಕಟ್ಟಿದ್ದರದ್ದಲ್ಲ.

ಕೊನೆಗೆ, ತೆಗೆದ ಪ್ರತಿ ಫೋಟೋಗೂ ಅಲ್ಲೇ ಅಡಿಬರಹ ಹಾಕಿ: ಯಾವ ಸಂಸ್ಥೆ, ಕಡತದ ಸಂಖ್ಯೆ, ಹಾಳೆಯ ಸಂಖ್ಯೆ, ಇಸವಿ, ಎಳೆದವರ ಹೆಸರು. ಹೆಸರು ಕಾಣದಿದ್ದರೆ ‘ಸಹಿ ಓದಲಾಗುತ್ತಿಲ್ಲ’ ಅಂತಲೇ ಬರೆಯಿರಿ, ಮೇಲಧಿಕಾರಿಯ ಹೆಸರು ತುಂಬಬೇಡಿ. ಆ ಗೆರೆ ಎಳೆದವನೂ ಒಬ್ಬ ಇದ್ದ ಅಲ್ವಾ?