ಕಡಲ ಗಾಳಿಗೆ ಕ್ರೋಶಾ ಟೋಪಿ

ಕಾರವಾರದಲ್ಲಿ ಟೋಪಿ ಹೆಣೆಯಲು ಕೂತರೆ ನಾನು ಮೊದಲು ನಿರ್ಧರಿಸುವುದು ಡಿಸೈನನ್ನಲ್ಲ, ನೂಲನ್ನು. ಅಕ್ರಿಲಿಕ್ ಉಲ್ಲನ್ ಅಗ್ಗ, ಬಣ್ಣವೂ ಹತ್ತಾರು. ಆದರೆ ಇಲ್ಲಿಯ ಸೆಕೆಗೆ ಅದನ್ನು ತಲೆಗೇರಿಸಿದರೆ ಸ್ವಲ್ಪ ಹೊತ್ತಿಗೇ ನೆತ್ತಿ ಬೆವತು ತುರಿಕೆ ಶುರು. ಅದು ಶಿರಸಿಯ ಡಿಸೆಂಬರ್ ಮುಂಜಾವಿಗೆ ಸರಿ. ಕರಾವಳಿಗೆ ಹತ್ತಿಯೇ ಬೇಕು. ನಾನು ಬಳಸುವುದು 8 ಎಳೆಯ ಹತ್ತಿ ನೂಲು, 3.5 ಮಿ.ಮೀ. ಅಲ್ಯೂಮಿನಿಯಂ ಕಡ್ಡಿ. 8 ಎಳೆಯದು ಸಿಗದಿದ್ದರೆ 4 ಎಳೆಯ ಎರಡು ಉಂಡೆ ಜೋಡಿಸಿ ಹಿಡಿದರಾಯಿತು. ಅಂಚುಳ್ಳ ಒಂದು ಟೋಪಿಗೆ ಸುಮಾರು 130 ಗ್ರಾಂ ಹಿಡಿಯುತ್ತದೆ. ಕಬ್ಬಿಣದ ಹಳೆ ಕಡ್ಡಿ ಉಪ್ಪುಗಾಳಿಗೆ ತುಕ್ಕು ಹಿಡಿದು ನೂಲಿಗೆ ಕಲೆ ಹಚ್ಚುತ್ತದೆ.

ಹೊಲಿಗೆಗಳ ಹೆಸರಿನ ಗೊಂದಲವೊಂದಿದೆ, ಮೊದಲೇ ಹೇಳಿಬಿಡುತ್ತೇನೆ. ಬ್ರಿಟಿಷ್ ಪದ್ಧತಿಯ ‘ಡಬಲ್’ ಎಂದರೆ ಅಮೆರಿಕನ್ ‘ಸಿಂಗಲ್’. ನಮ್ಮ ಹಳೆಯ ಪುಸ್ತಕಗಳು ಬ್ರಿಟಿಷ್, ವಿಡಿಯೋಗಳು ಹೆಚ್ಚಿನವು ಅಮೆರಿಕನ್. ಎರಡನ್ನೂ ಬೆರೆಸಿದರೆ ಟೋಪಿ ಬುಟ್ಟಿಯಾಗುತ್ತದೆ. ಇಲ್ಲಿ ಹೇಳುವುದೆಲ್ಲ ಅಮೆರಿಕನ್ ಹೆಸರು.

ಟೋಪಿಯ ನೆತ್ತಿ ಎಂದರೆ ಒಂದು ಚಪ್ಪಟೆ ವೃತ್ತ. ತಲೆಯ ಸುತ್ತಳತೆ 56 ಸೆಂ.ಮೀ. ಎಂದುಕೊಳ್ಳಿ. ಉಣ್ಣೆಯಾದರೆ 5 ಸೆಂ.ಮೀ. ಕಳೆಯಬಹುದು, ಅದು ಎಳೆದರೆ ಹಿಗ್ಗುತ್ತದೆ. ಹತ್ತಿಗೆ ಆ ಗುಣ ಇಲ್ಲ; 2 ಕಳೆದರೆ ಸಾಕು. ಉಳಿದದ್ದು 54. ನನ್ನ ಕೈಗೆ 10 ಸೆಂ.ಮೀ.ಗೆ 20 ಸಿಂಗಲ್ ಬೀಳುತ್ತವೆ, ಹಾಗಾಗಿ 108 ಹೊಲಿಗೆ ಬೇಕು. ಮ್ಯಾಜಿಕ್ ರಿಂಗಿನಲ್ಲಿ (ಎಳೆದು ಬಿಗಿಸುವ ನೂಲಿನ ಕುಣಿಕೆ) 6 ಸಿಂಗಲ್, ಮುಂದೆ ಒಂದೇ ಹೊಲಿಗೆಯಲ್ಲಿ ಎರಡು ಹಾಕಿ ಸುತ್ತಿಗೆ 6ರಂತೆ ಏರಿಸುತ್ತ ಹೋದರೆ 18ನೇ ಸುತ್ತಿಗೆ 108. ಆಗ ವೃತ್ತದ ಅಡ್ಡಳತೆ 17 ಸೆಂ.ಮೀ. ದಾಟಿರಬೇಕು. ದಾಟದಿದ್ದರೆ ಕೈ ಬಿಗಿ, 4 ಮಿ.ಮೀ. ಕಡ್ಡಿ ಹಿಡಿದು ಬಿಚ್ಚಿ ಮತ್ತೆ ಹೆಣೆಯುವುದೇ ದಾರಿ. ‘ತೊಳೆದರೆ ಸರಿಹೋದೀತು’ ಎಂದು ಮುಂದುವರಿಸಿದ ಟೋಪಿ ಎಂದೂ ಸರಿಹೋಗುವುದಿಲ್ಲ.

ಈ 6 ಎಂಬ ಲೆಕ್ಕ ಸಿಂಗಲ್‌ಗೆ ಮಾತ್ರ. ಹೊಲಿಗೆ ಎತ್ತರವಾದಷ್ಟೂ ಒಂದೊಂದು ಸುತ್ತಿಗೆ ವೃತ್ತ ಹೆಚ್ಚು ಅಗಲವಾಗುತ್ತದೆ, ತುಂಬಲು ಹೊಲಿಗೆಯೂ ಹೆಚ್ಚು ಬೇಕು: ಹಾಫ್ ಡಬಲ್‌ಗೆ 8, ಡಬಲ್‌ಗೆ 12. ಕಡಿಮೆ ಏರಿಸಿದರೆ ವೃತ್ತ ಬಟ್ಟಲಿನಂತೆ ಮಡಚುತ್ತದೆ, ಹೆಚ್ಚಾದರೆ ಪತ್ರೊಡೆ ಎಲೆಯಂತೆ ಅಂಚು ಅಲೆಯೇಳುತ್ತದೆ. ಲೆಕ್ಕ ಸರಿಯಿದ್ದೂ ವೃತ್ತ ಆರು ಮೂಲೆಯದಾದರೆ, ಏರಿಕೆಗಳು ಒಂದರ ಮೇಲೊಂದು ಕೂತಿವೆ ಎಂದರ್ಥ. ಒಂದು ಸುತ್ತಿನಲ್ಲಿ ಏರಿಕೆಯಿಂದಲೇ ಆರಂಭಿಸಿದರೆ, ಮುಂದಿನದರಲ್ಲಿ ನಾಲ್ಕಾರು ಹೊಲಿಗೆ ದಾಟಿದ ಮೇಲೆ ಮೊದಲ ಏರಿಕೆ ಹಾಕಿ.

108 ಆದ ಮೇಲೆ 22–23 ಸುತ್ತು ಏರಿಕೆಯಿಲ್ಲದೆ, ಸುಮಾರು 11 ಸೆಂ.ಮೀ. ಆಮೇಲೆ ಅಂಚು. ಪ್ರತಿ 6ನೇ ಹೊಲಿಗೆಯಲ್ಲಿ ಎರಡು ಹಾಕಿ 126, ಮೂರು ಸುತ್ತು ಸಾದಾ. ಪ್ರತಿ 7ನೆಯದರಲ್ಲಿ ಏರಿಸಿ 144, ಮತ್ತೆ ಮೂರು ಸಾದಾ. ಪ್ರತಿ 8ನೆಯದರಲ್ಲಿ ಏರಿಸಿ 162, ಮೂರು ಸಾದಾ. 12 ಸುತ್ತಿಗೆ 54 ಏರಿಕೆ. ಅಂಚು ಪೂರಾ ಚಪ್ಪಟೆಯಾಗಲು 72 ಬೇಕಿತ್ತು. ಬೇಕೆಂದೇ ಕಡಿಮೆ ಮಾಡುವುದು: ಸ್ವಲ್ಪ ಕೆಳಗೆ ಬಾಗಿದ ಅಂಚು ಕಣ್ಣಿಗೆ ನೆರಳು ಕೊಡುತ್ತದೆ, ಗಾಳಿಗೆ ಹಿಂದಕ್ಕೆ ಮಗುಚುವುದಿಲ್ಲ. ಟ್ಯಾಗೋರ್ ಕಡಲತೀರದಲ್ಲಿ ಮಧ್ಯಾಹ್ನದ ಗಾಳಿಗೆ ನಿಂತು ನೋಡಿದರೆ ಚಪ್ಪಟೆ ಅಂಚಿನ ಕಷ್ಟ ತಿಳಿಯುತ್ತದೆ. ಬಿಸಿಲಿನ ಟೋಪಿಗೆ ಜಾಳು ವಿನ್ಯಾಸವೂ ಬೇಡ. ಕಣ್ಣಿಗೆ ಚಂದ, ಆದರೆ ಬಿಸಿಲು ಜಾಳಿನಿಂದ ನೇರ ಕೆಳಗಿಳಿಯುತ್ತದೆ.

ಅಂಚಿಗೆ ಗಟ್ಟಿತನ ಬರಲು ಹಲವರು ಗಂಜಿ ಹಾಕುತ್ತಾರೆ. ಮಳೆಗಾಲದಲ್ಲಿ ಗಂಜಿ ಎಂದರೆ ಬೂಸ್ಟಿಗೆ ಮತ್ತು ಜಿರಲೆಗೆ ಇಟ್ಟ ಊಟ. ನಾನು ಬಳಸುವುದು ಮೀನು ಗಾಳದ ತಂಗೂಸ್, 1 ಮಿ.ಮೀ. ದಪ್ಪದ್ದು. ಸುರುಳಿಯಿಂದ ಬಿಚ್ಚಿದ ತಂಗೂಸ್ ಮತ್ತೆ ಸುರುಳಿಯಾಗಲು ನೋಡುತ್ತದೆ, ಹಾಗೇ ಸೇರಿಸಿದರೆ ಅಂಚು ಡೊಂಕಾಗುತ್ತದೆ. ಬಿಸಿನೀರಿನಲ್ಲಿ ನೆನೆಸಿ, ಎರಡು ತುದಿ ಎಳೆದು ಕಟ್ಟಿ ಆರಿಸಿದರೆ ನೆಟ್ಟಗಾಗುತ್ತದೆ. ಅಂಚಿನ ಸುತ್ತಳತೆ 81 ಸೆಂ.ಮೀ.; 86 ಕತ್ತರಿಸಿ, ಕೊನೆಯ ಸುತ್ತನ್ನು ಅದರ ಮೇಲೆಯೇ ಹೆಣೆಯಿರಿ. ಖಾಲಿ ಪೆನ್ ರೀಫಿಲ್ಲಿನ 3 ಸೆಂ.ಮೀ. ತುಂಡಿನೊಳಗೆ ಎರಡೂ ಕಡೆಯಿಂದ ತುದಿ ತೂರಿಸಿ, ಮಿಕ್ಕದ್ದನ್ನು ಕತ್ತರಿಸಿ. ಗಂಟು ಹಾಕಿದರೆ ಮೂರೇ ದಿನಕ್ಕೆ ಜಾರಿ, ತುದಿ ಹೊರಬಂದು ಚುಚ್ಚುತ್ತದೆ.

ಫ್ರೀಫಾರ್ಮ್ ಟೋಪಿಯ ಕತೆ ಬೇರೆ. ಮನಸ್ಸಿಗೆ ಬಂದಂತೆ ಹೆಣೆಯುವುದು ಎಂಬ ಹೆಸರಿದೆ, ಆದರೆ ತಲೆ ಮಾತ್ರ ನಮ್ಮ ಮನಸ್ಸಿನಂತೆ ಇರುವುದಿಲ್ಲ. ಅಚ್ಚಿಲ್ಲದೆ ಹೊರಟರೆ ಟೋಪಿ ಚೀಲವಾಗುತ್ತದೆ. 16–17 ಸೆಂ.ಮೀ. ಅಡ್ಡಳತೆಯ ಸ್ಟೀಲ್ ಪಾತ್ರೆ ಕವುಚಿ ಹಾಕಿ, ಮೇಲೆ ಹಳೆ ಟವೆಲ್ ಬಿಗಿದು, ಟೇಪಿನಲ್ಲಿ 54 ಬರುವವರೆಗೆ ಸುತ್ತುವುದು. ಅದೇ ನನ್ನ ಅಚ್ಚು. ಟವೆಲಿಗೆ ಪಿನ್ನೂ ಚುಚ್ಚಬಹುದು. ಮೊದಲು 108 ಹೊಲಿಗೆಯ ನಾಲ್ಕು ಸುತ್ತಿನ ಪಟ್ಟಿ ಹೆಣೆದು ಅಚ್ಚಿನ ಬುಡಕ್ಕೆ ತೊಡಿಸುತ್ತೇನೆ. ಟೋಪಿಯ ಅಳತೆಯನ್ನು ಹಿಡಿದಿಡುವುದು ಆ ಪಟ್ಟಿ ಒಂದೇ.

ಬಳಿಕ 4ರಿಂದ 7 ಸೆಂ.ಮೀ.ನ ತುಂಡುಗಳು, 15–20. ಇವಕ್ಕೆ ಫ್ರೀಫಾರ್ಮಿನವರು ‘ಸ್ಕ್ರಂಬಲ್’ ಎನ್ನುತ್ತಾರೆ. ಒಂದು ತುಂಡಿನಲ್ಲಿ ಎರಡು ಮೂರು ಬಗೆಯ ಹೊಲಿಗೆ ಸಾಕು. ಗುಂಡಗೆ ಉಬ್ಬುವ ಪಾಪ್‌ಕಾರ್ನ್ ಹೊಲಿಗೆ ಅತಿಯಾದರೆ ಟೋಪಿ ಭಾರವಾಗಿ ಕಿವಿಯ ಮೇಲೆ ಇಳಿಯುತ್ತದೆ. ಬುಲಿಯನ್ ಹೊಲಿಗೆಗೆ ಕಡ್ಡಿಗೆ 7ರಿಂದ 10 ಸುತ್ತು ಹಾಕಿ ಒಂದೇ ಎಳೆತಕ್ಕೆ ದಾಟಿಸಬೇಕು. ನಡುವೆ ಸಿಕ್ಕಿಬೀಳುತ್ತಿದ್ದರೆ ಸುತ್ತುಗಳು ಕೊಕ್ಕೆಯ ಕತ್ತಿನ ತೆಳುವಿನಲ್ಲಿ ಬಿಗಿದಿವೆ ಎಂದರ್ಥ. ಕಡ್ಡಿಯ ದಪ್ಪ ಭಾಗದಲ್ಲಿ ಸಡಿಲವಾಗಿ ಸುತ್ತಿ, ಹೆಬ್ಬೆರಳಿನಿಂದ ಒತ್ತಿ ಹಿಡಿದು ಎಳೆಯಬೇಕು. ತುಂಡುಗಳನ್ನು ಅಚ್ಚಿಗೆ ಪಿನ್ ಮಾಡಿ, ನಡುವಿನ ಸಂದುಗಳಿಗೆ ಸರಪಳಿ, ಸಿಂಗಲ್ ತುಂಬಿ, ಒಳಮೈಯಿಂದ ಸೂಜಿಯಲ್ಲಿ ಹೊಲಿಯುವುದು. ಸಿದ್ಧ ಟೋಪಿಯ ಮೇಲೆಯೇ ತುಂಡು ಹಚ್ಚುವುದು ಸುಲಭ, ಆದರೆ ಎರಡು ಪದರದ ಹತ್ತಿ ಜುಲೈಯಲ್ಲಿ ಆರುವುದೇ ಇಲ್ಲ.

ಬಣ್ಣಕ್ಕೆ ಘಟ್ಟದ ಮೇಲಿನ ಅಡಿಕೆ ಚೊಗರಿಗೆ, ಎಂದರೆ ಅಡಿಕೆ ಬೇಯಿಸಿ ಉಳಿದ ಕೆಂಪು ನೀರಿಗೆ, ಸಾಟಿಯಿಲ್ಲ. ಕೆಂಪಡಿಕೆ ಬೇಯಿಸುವ ಹೊತ್ತಿಗೆ ಶಿರಸಿ ಕಡೆಯಿಂದ ತರಿಸಿಕೊಳ್ಳುವುದು. ಬಿಳಿ ನೂಲನ್ನು ಲಡಿ ಮಾಡಿ ನಾಲ್ಕು ಕಡೆ ಸಡಿಲವಾಗಿ ಕಟ್ಟಿ, ವಾಷಿಂಗ್ ಸೋಡಾ ಹಾಕಿದ ನೀರಿನಲ್ಲಿ ಒಂದು ತಾಸು ಕುದಿಸಿ ತೊಳೆಯಬೇಕು. ನೂಲಿನ ಮೇಣ ಹೋಗದೆ ಬಣ್ಣ ಹಿಡಿಯದು. ತೆಳು ಮಾಡಿದ ಚೊಗರಿನಲ್ಲಿ ಮುಕ್ಕಾಲು ತಾಸು ಸಣ್ಣ ಉರಿ, ರಾತ್ರಿ ಅಲ್ಲೇ ನೆನೆ. ಮರುದಿನ 100 ಗ್ರಾಂ ನೂಲಿಗೆ 15 ಗ್ರಾಂ ಪಟಕ ಕರಗಿಸಿದ ಬೆಚ್ಚನೆ ನೀರಿನಲ್ಲಿ ಅದ್ದಿ, ನೆರಳಲ್ಲಿ ಒಣಗಿಸಿ. ಕೆಂಗಂದು ಬರುತ್ತದೆ. ಸೋಪಿನ ಕ್ಷಾರ ತಾಗಿದರೆ ಇನ್ನೂ ಕೆಂಪು. ಕವಳ ಹಾಕುವವರಿಗೆ ಸುಣ್ಣದ ಈ ಗುಣ ಹೊಸದಲ್ಲ. ಚೊಗರಿನ ಟ್ಯಾನಿನ್ ಕಬ್ಬಿಣ ಸೋಕಿದರೆ ಕಪ್ಪು ಶಾಯಿಯಾಗುತ್ತದೆ. ತುಕ್ಕಿನ ಪಿನ್, ಕಬ್ಬಿಣದ ಬಾಣಲೆ, ಕಬ್ಬಿಣದಂಶದ ಬಾವಿ ನೀರು — ಮೂರೂ ದೂರ. ಕಪ್ಪು ಬೊಟ್ಟು ಬಿದ್ದರೆ ತೊಳೆದು ಹೋಗುವುದಿಲ್ಲ, ಅದರ ಮೇಲೊಂದು ಬುಲಿಯನ್ ಕೂರಿಸಬೇಕು, ಅಷ್ಟೆ. ಜೊತೆಗೆ ಸೇರಿಸುವ ಬಿಳಿ ನೂಲನ್ನೂ ಒಮ್ಮೆ ಕುದಿಸಿಡಿ; ಕುದಿಸಿದ್ದು ಆಗಲೇ ಕುಗ್ಗಿರುತ್ತದೆ, ಹಸಿ ನೂಲು ಮೊದಲ ಒಗೆತಕ್ಕೆ ಕುಗ್ಗಿ ಜೋಡಣೆ ಸುಕ್ಕಾಗುತ್ತದೆ.

ಕಡಲತೀರಕ್ಕೆ ಹೋಗಿಬಂದ ಟೋಪಿಯನ್ನು ಸಿಹಿನೀರಿನಲ್ಲಿ ಜಾಲಾಡಲೇಬೇಕು. ನೂಲಲ್ಲಿ ಉಳಿದ ಉಪ್ಪು ಗಾಳಿಯ ತೇವ ಎಳೆಯುತ್ತ ಅದನ್ನು ಸದಾ ಜಿಮಿಜಿಮಿ ಇಡುತ್ತದೆ. ಹಿಂಡಬೇಡಿ, ಟವೆಲಿನಲ್ಲಿ ಸುತ್ತಿ ಒತ್ತಿ, ಅದೇ ಪಾತ್ರೆಯ ಮೇಲೆ ಕವುಚಿ ಫ್ಯಾನಿನ ಕೆಳಗಿಡಿ. ತಂತಿಗೆ ನೇತು ಹಾಕಿದರೆ ಒದ್ದೆ ಹತ್ತಿ ತನ್ನ ಭಾರಕ್ಕೇ ಉದ್ದವಾಗುತ್ತದೆ.

ಉಳಿದ ಚೂರು ನೂಲಿನಲ್ಲಿ ಅಬ್ಬಲಿಗೆ ದಂಡೆ ಮಾಡಬಹುದು. ಅಬ್ಬಲಿಗೆ ಹೂ ಒಂದೇ ಕಡೆಗೆ ಬೀಸಣಿಗೆಯಂತೆ ಬಿಚ್ಚಿಕೊಂಡ ಐದು ಎಸಳು. ಕ್ರೋಶಾದ ಶೆಲ್ ಹೊಲಿಗೆಯೂ ಅಚ್ಚು ಅದೇ. ಕಿತ್ತಳೆ ಬಣ್ಣದ 4 ಎಳೆ, 2.5 ಮಿ.ಮೀ. ಕಡ್ಡಿ. 4 ಸರಪಳಿ, ಕಡ್ಡಿಯಿಂದ ನಾಲ್ಕನೆಯ ಸರಪಳಿಯಲ್ಲಿ 4 ಡಬಲ್. ದಾಟಿದ ಸರಪಳಿಯೇ ಐದನೆಯ ಎಸಳು. ಅಲ್ಲಿಂದಲೇ ಮತ್ತೆ 4 ಸರಪಳಿ. ಹೂವಿಗೆ 2 ಸೆಂ.ಮೀ. ಎಂದರೆ ಒಂದು ಮೊಳಕ್ಕೆ 22–23 ಹೂ. ದಂಡೆ ಹೆಣೆಯುತ್ತ ಹೋದಂತೆ ತಿರುಚಿಕೊಳ್ಳುತ್ತದೆ, ಗಾಬರಿ ಬೇಡ. ಹೂಗಳನ್ನು ಒಂದು ಎಡಕ್ಕೆ, ಒಂದು ಬಲಕ್ಕೆ ಹರಡಿ ಒದ್ದೆ ಬಟ್ಟೆಯ ಮೇಲಿಂದ ಇಸ್ತ್ರಿ ತಾಗಿಸಿದರೆ ಹಾಗೇ ನಿಲ್ಲುತ್ತದೆ.