ಕೊಡಗಿನಲ್ಲಿ ವಿಶೇಷ ಅಗತ್ಯವುಳ್ಳ ಮಗುವನ್ನು ಸರ್ಕಾರಿ ಶಾಲೆಗೆ ಸೇರಿಸುವುದು

ಮೊದಲು ದಾಖಲಾತಿ, ಆಮೇಲೆ ಸರ್ಟಿಫಿಕೇಟು. ‘ವೈದ್ಯರ ಪ್ರಮಾಣಪತ್ರ ತನ್ನಿ, ಆಮೇಲೆ ನೋಡೋಣ’ ಎಂದರೆ ಒಪ್ಪಬೇಡಿ. 2009ರ ಶಿಕ್ಷಣ ಹಕ್ಕು ಕಾಯ್ದೆಯಡಿ 6ರಿಂದ 14 ವರ್ಷದ ಮಗುವನ್ನು ದಾಖಲೆ ಇಲ್ಲವೆಂದು ವಾಪಸ್ ಕಳಿಸುವಂತಿಲ್ಲ. ಕಾಫಿ ಕೊಯ್ಲಿಗೆ ವರ್ಷದ ನಡುವೆ ಬಂದು ತೋಟದ ಲೈನ್ ಮನೆ (ಕಾರ್ಮಿಕರ ಸಾಲುಮನೆ) ಸೇರಿದ ಕುಟುಂಬದ ಮಗುವಿಗೂ ಇದೇ ಮಾತು. ಅಂಗವೈಕಲ್ಯ ಶೇ 40 ಅಥವಾ ಹೆಚ್ಚಿದ್ದರೆ 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯಂತೆ 18 ವರ್ಷದವರೆಗೂ ಶಿಕ್ಷಣ ಉಚಿತ. ಹತ್ತಿರದ ಶಾಲೆಯೋ ವಿಶೇಷ ಶಾಲೆಯೋ, ಆಯ್ಕೆ ನಿಮ್ಮದು.

ಸೇರಿಸಿದ ದಿನವೇ ಮುಖ್ಯ ಶಿಕ್ಷಕರಿಗೆ ಒಂದು ಪುಟದ ಅರ್ಜಿ ಕೊಡಿ: ಮಗುವಿನ ತೊಂದರೆ ಏನು, ಶಾಲೆಯಿಂದ ಏನು ಬೇಕು, ಬಿಐಇಆರ್‌ಟಿ (ವಿಶೇಷ ಅಗತ್ಯದ ಮಕ್ಕಳಿಗಾಗಿ ಬ್ಲಾಕ್ ಮಟ್ಟದಲ್ಲಿರುವ ಸಂಪನ್ಮೂಲ) ಶಿಕ್ಷಕರು ಯಾವಾಗ ಬಂದು ನೋಡುತ್ತಾರೆ. ಇನ್ನೊಂದು ಪ್ರತಿಗೆ ಸಹಿ, ತಾರೀಕು ಹಾಕಿಸಿಕೊಳ್ಳಿ. ಬಾಯಿಮಾತಿನ ಕೋರಿಕೆ ಶಿಕ್ಷಕರ ವರ್ಗಾವಣೆಯ ಜೊತೆಗೇ ಹೋಗಿಬಿಡುತ್ತದೆ. ಕುಶಾಲನಗರ, ಪೊನ್ನಂಪೇಟೆ ಹೊಸ ತಾಲ್ಲೂಕುಗಳು. ಅಲ್ಲಿಯವರು ತಮ್ಮ ಶಾಲೆ ಯಾವ ಬಿಇಒ (ಕ್ಷೇತ್ರ ಶಿಕ್ಷಣಾಧಿಕಾರಿ) ಕಚೇರಿಗೆ ಸೇರುತ್ತದೆಂದು ಶಾಲೆಯಲ್ಲೇ ಕೇಳಿಕೊಂಡು ಹೊರಡಿ.

ಯುಡಿಐಡಿ (ಅಂಗವೈಕಲ್ಯದ ವಿಶಿಷ್ಟ ಗುರುತಿನ) ಕಾರ್ಡಿಗೆ ಸ್ವಾವಲಂಬನ್ ಪೋರ್ಟಲ್‌ನಲ್ಲಿ ಅರ್ಜಿ ಹಾಕಬೇಕು. ಪಂಚಾಯಿತಿಯ ಗ್ರಾಮೀಣ ಪುನರ್ವಸತಿ ಕಾರ್ಯಕರ್ತರು ನೆರವಾಗುತ್ತಾರೆ. ಹೆಚ್ಚಾಗಿ ಕೆಡುವುದು ಹೆಸರಿನಲ್ಲಿ: ಶಾಲಾ ದಾಖಲೆಯಲ್ಲಿ ಮನೆತನದ ಹೆಸರು ಪೂರ್ತಿ, ಆಧಾರ್‌ನಲ್ಲಿ ಬರೀ ಇನಿಷಿಯಲ್. ಮೊದಲು ಅದನ್ನು ಒಂದೇ ಮಾಡಿಸಿ. ಕಾರ್ಡಿಗೆ ಬೇಕಾದ ತಪಾಸಣೆಗೆ ಮಡಿಕೇರಿಯ ಜಿಲ್ಲಾ ಆಸ್ಪತ್ರೆಗೆ ಹೊರಡುವ ಮುನ್ನ ಸಂಬಂಧಪಟ್ಟ ತಜ್ಞರು ಯಾವ ವಾರ ಕೂರುತ್ತಾರೆಂದು ವಿಚಾರಿಸಿ. ಮಗುವನ್ನು ಎತ್ತಿಕೊಂಡು ಎರಡು ಬಸ್ ಬದಲಿಸಿ ಬಂದು ಬರಿಗೈಲಿ ಮರಳುವುದು ತಪ್ಪುತ್ತದೆ. ಕಿವಿ, ಮಾತಿನ ತೊಂದರೆಗೆ ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯಲ್ಲಿ ವಿವರವಾದ ತಪಾಸಣೆ ಸಿಗುತ್ತದೆ.

ಸಮಗ್ರ ಶಿಕ್ಷಣ ಎಂಬ ಸರ್ಕಾರಿ ಯೋಜನೆಯಡಿ ವಿಶೇಷ ಅಗತ್ಯವುಳ್ಳ ಒಂದು ಮಗುವಿಗೆ ವರ್ಷಕ್ಕೆ 3,500 ರೂಪಾಯಿವರೆಗೆ ಅವಕಾಶವಿದೆ. ಅದು ಕೈಗೆ ಬರುವ ನಗದಲ್ಲ; ಸಾಧನ, ತಪಾಸಣೆ, ಕಲಿಕಾ ಸಾಮಗ್ರಿಗೆ ಬಳಕೆಯಾಗುತ್ತದೆ. ಹೆಣ್ಣುಮಕ್ಕಳಿಗೆ ಮಾತ್ರ ತಿಂಗಳಿಗೆ 200 ರೂಪಾಯಿಯಂತೆ 10 ತಿಂಗಳ ಸ್ಟೈಪೆಂಡ್ ಖಾತೆಗೆ ಬರುತ್ತದೆ. ಖಾತೆಗೆ ಆಧಾರ್ ಜೋಡಣೆ ಆಗಿಲ್ಲದಿದ್ದರೆ ಹಣ ನಿಲ್ಲುತ್ತದೆ.

ರ‍್ಯಾಂಪ್ ಇದೆ ಎಂದರೆ ಸಾಲದು, ಅಳೆದು ನೋಡಿ. ಒಂದು ಅಡಿ ಎತ್ತರಕ್ಕೆ 12 ಅಡಿ ಉದ್ದ ಬೇಕು. ನಾಲ್ಕೈದು ಅಡಿಯಲ್ಲೇ ಮುಗಿಸಿದ್ದರೆ ಗಾಲಿಕುರ್ಚಿ ತಳ್ಳಿದರೂ ಹತ್ತುವುದಿಲ್ಲ, ಇಳಿಯುವಾಗ ಮುಗ್ಗರಿಸುತ್ತದೆ. ಜೂನ್ ಮಳೆ ಹಿಡಿದರೆ ನಯವಾದ ಸಿಮೆಂಟಿನ ಮೇಲೆ ಪಾಚಿ ಕಟ್ಟುತ್ತದೆ; ಒರಟು ಮೇಲ್ಮೈ, ಎರಡೂ ಕಡೆ ಕಂಬಿ ಕೇಳಿ. ಎಸ್‌ಡಿಎಂಸಿ (ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ) ಸಭೆಯ ನಡಾವಳಿಯಲ್ಲಿ ಬರೆಸಿ. ದಾರಿಯೂ ಅಷ್ಟೇ ಮುಖ್ಯ, ತೋಟದ ಏರಿಳಿತದಲ್ಲಿ ಮಗುವನ್ನು ಕರೆತರುವವರಿಗೆ ಬೆಂಗಾವಲು ಭತ್ಯೆ ಇದೆ, ಅದನ್ನೂ ಕೇಳಿ.

ತೀವ್ರ ಅಥವಾ ಬಹುವಿಧ ವೈಕಲ್ಯವಿದ್ದರೆ ಮನೆಯಲ್ಲೇ ಶಿಕ್ಷಣ ಪಡೆಯುವ ಹಕ್ಕಿದೆ. ಆದರೆ ಅದು ಪೋಷಕರ ಆಯ್ಕೆ. ‘ಮನೆಯಲ್ಲೇ ಇರಲಿ’ ಎಂದು ಶಾಲೆ ಒತ್ತಾಯಿಸುವಂತಿಲ್ಲ. ಒಪ್ಪಿದರೆ ಶಿಕ್ಷಕರು ಬರುವ ದಿನಗಳನ್ನು ಬರೆಸಿಕೊಂಡು, ಬಂದಾಗಲೆಲ್ಲ ಒಂದು ನೋಟ್‌ಬುಕ್‌ನಲ್ಲಿ ಸಹಿ ಮಾಡಿಸಿ.

ಎಸ್‌ಎಸ್‌ಎಲ್‌ಸಿಗೆ ಬರಹಗಾರರು, ಹೆಚ್ಚುವರಿ ಸಮಯ ಬೇಕಿದ್ದರೆ ಪರೀಕ್ಷಾ ನೋಂದಣಿಯ ಹೊತ್ತಿಗೇ ಶಾಲೆಯ ಮೂಲಕ ಅರ್ಜಿ ಹೋಗಬೇಕು. ಪರೀಕ್ಷೆ ಹತ್ತಿರ ಬಂದಮೇಲೆ ಓಡಾಡಿದರೆ ಮಂಜೂರಾತಿ ಕೈಗೆ ಸಿಗುವುದು ಕಷ್ಟ. ಹಾಗಾಗಿ ಒಂಬತ್ತನೇ ತರಗತಿ ಮುಗಿಯುವುದರೊಳಗೆ ಯುಡಿಐಡಿ ಕಾರ್ಡು ಸಿದ್ಧವಿರಲಿ.