ಅಮೆರಿಕದಲ್ಲಿ ಸ್ಟೂಡೆಂಟ್ ಅಫೇರ್ಸ್ ಮಾಸ್ಟರ್ಸ್: ಮೊದಲು ಕೆಲಸ ನೋಡಿ, ಆಮೇಲೆ ಕಾಲೇಜು

ನಮ್ಮ ಡಿಗ್ರಿ ಕಾಲೇಜುಗಳಲ್ಲಿ ಕನ್ನಡ ಮೇಷ್ಟ್ರೇ ಹಾಸ್ಟೆಲ್ ವಾರ್ಡನ್, ಇತಿಹಾಸದ ಮೇಡಂ ಎನ್‌ಎಸ್‌ಎಸ್ ಅಧಿಕಾರಿ, ಆ್ಯಂಟಿ ರ‍್ಯಾಗಿಂಗ್ ಕಮಿಟಿ ಇನ್ಯಾರದೋ ತಲೆಗೆ. ಪಾಠದ ಜೊತೆಗೆ ಇದೂ ಇರಲಿ ಅಂತ ಹೊರಿಸಿದ ಕೆಲಸಗಳು. ಅಮೆರಿಕದಲ್ಲಿ ಇವಕ್ಕೆ ಬೇರೆ ಸಿಬ್ಬಂದಿಯೇ ಇರುತ್ತಾರೆ. ಹಾಸ್ಟೆಲ್ ನಡೆಸುವವರು, ಹೊಸಬರಿಗೆ ಓರಿಯೆಂಟೇಶನ್ ಮಾಡಿಸುವವರು, ಯಾವ ಕೋರ್ಸ್ ತಗೋಬೇಕು ಅಂತ ಸಲಹೆ ಕೊಡುವವರು, ಶಿಸ್ತಿನ ದೂರು ವಿಚಾರಿಸುವವರು, ವಿದೇಶಿ ವಿದ್ಯಾರ್ಥಿಗಳ ಕಚೇರಿ ನೋಡಿಕೊಳ್ಳುವವರು. ಬಹುಪಾಲು ಇವರು ಪಾಠ ಮಾಡುವವರಲ್ಲ. ಈ ಕೆಲಸಕ್ಕೆಂದೇ ಅಲ್ಲಿ ಸಾಮಾನ್ಯವಾಗಿ ಎರಡು ವರ್ಷದ ಮಾಸ್ಟರ್ಸ್ ಪದವಿ ಇದೆ: ಹೈಯರ್ ಎಜುಕೇಶನ್ ಅಂಡ್ ಸ್ಟೂಡೆಂಟ್ ಅಫೇರ್ಸ್. ಚುಟುಕಾಗಿ ಹೆಸಾ ಅನ್ನುತ್ತಾರೆ.

ವಿದೇಶದಲ್ಲಿ ಮಾಸ್ಟರ್ಸ್ ಅಂದ ಕೂಡಲೇ ಕಂಪ್ಯೂಟರ್ ಸೈನ್ಸ್ ಅಂದುಕೊಳ್ಳುವ ನಮ್ಮ ಕಡೆ ಇದರ ಬಗ್ಗೆ ಸರಿಯಾಗಿ ಹೇಳುವವರು ಸಿಗುವುದು ಕಷ್ಟ. ಹಾಗಾಗಿ ಎಲ್ಲಿಂದ ಶುರು ಮಾಡಬೇಕು ಅಂತ ಇಲ್ಲಿ ಹೇಳುತ್ತೇನೆ.

ನಿಮಗೆ ಇದು ಬೇಕಾ?

ಬಿ.ಎಡ್. ತರಹ ಇದು ಪಾಠ ಮಾಡುವುದನ್ನು ಕಲಿಸುವ ಓದಲ್ಲ. ಕೆಲಸ ಸಂಜೆ ಇರುತ್ತದೆ, ಶನಿವಾರ ಭಾನುವಾರ ಇರುತ್ತದೆ, ಹಾಸ್ಟೆಲ್ ವಿಭಾಗದಲ್ಲಿದ್ದರೆ ರಾತ್ರಿ ಎರಡು ಗಂಟೆಗೆ ಫೋನೂ ಬರುತ್ತದೆ. ಶುರುವಿನ ಸಂಬಳವನ್ನು ಸಾಫ್ಟ್‌ವೇರ್‌ನವರ ಜೊತೆ ಹೋಲಿಸಲೇಬೇಡಿ, ಸುಮ್ನೆ ಬೇಜಾರಾಗುತ್ತದೆ. ಕಾಲೇಜಿನಲ್ಲಿ ಓದಿಗಿಂತ ಜಾಸ್ತಿ ಯುವಜನೋತ್ಸವಕ್ಕೆ ತಂಡ ಕಟ್ಟುವುದರಲ್ಲಿ, ಹಾಸ್ಟೆಲ್ ಮೆಸ್ಸಿನ ಜಗಳ ಬಗೆಹರಿಸುವುದರಲ್ಲಿ, ಅಳುತ್ತಾ ಕೂತ ಜೂನಿಯರ್ ಜೊತೆ ಮಾತಾಡುವುದರಲ್ಲಿ ನಿಮಗೆ ಖುಷಿ ಸಿಕ್ಕಿತ್ತಾ? ಹಾಗಾದರೆ ಮುಂದೆ ಓದಿ.

ಅಸಿಸ್ಟೆಂಟ್‌ಶಿಪ್ಪೇ ಮುಖ್ಯ

ಎಲ್ಲರೂ ಮೊದಲು ರ‍್ಯಾಂಕಿಂಗ್ ಪಟ್ಟಿ ತೆಗೆಯುತ್ತಾರೆ. ಈ ಓದಿನಲ್ಲಿ ಅದು ಎರಡನೇ ಮಾತು. ಮೊದಲು ನೋಡಬೇಕಾದ್ದು ಗ್ರಾಜುಯೇಟ್ ಅಸಿಸ್ಟೆಂಟ್‌ಶಿಪ್, ಅಂದರೆ ಜಿ.ಎ. ವಾರಕ್ಕೆ ಸುಮಾರು 20 ಗಂಟೆ ವಿಶ್ವವಿದ್ಯಾಲಯದ ಯಾವುದಾದರೂ ಕಚೇರಿಯಲ್ಲಿ ದುಡಿಯುತ್ತೀರಿ. ಬದಲಿಗೆ ಟ್ಯೂಷನ್ ಫೀಸು ಪೂರ್ತಿಯೋ ಅರ್ಧವೋ ಮಾಫಿ, ಕೈಗೆ ಒಂದಿಷ್ಟು ಸ್ಟೈಪೆಂಡ್. ಹಾಸ್ಟೆಲ್ ನಡೆಸುವ ಜಿ.ಎ. ಸಿಕ್ಕರೆ ಬಹಳ ಕಡೆ ಇರುವುದಕ್ಕೆ ಮನೆಯೂ ಸಿಗುತ್ತದೆ, ಕೆಲವೊಮ್ಮೆ ಊಟವೂ.

ದುಡ್ಡಿನ ಲೆಕ್ಕ ಒಂದು ಕಡೆ ಇರಲಿ. ಓದು ಮುಗಿದ ಮೇಲೆ ಕೆಲಸ ಕೊಡುವವರು ನಿಮ್ಮ ಮಾರ್ಕ್ಸ್‌ಗಿಂತ ಎರಡು ವರ್ಷ ಯಾವ ಕಚೇರಿಯಲ್ಲಿ ಏನು ಮಾಡಿದಿರಿ ಅಂತ ಕೇಳುತ್ತಾರೆ. ಅಸಿಸ್ಟೆಂಟ್‌ಶಿಪ್ ಇಲ್ಲದೆ, ಮನೆ ಮೇಲೆ ಸಾಲ ಮಾಡಿ ಈ ಡಿಗ್ರಿಗೆ ಹೋಗಬೇಡಿ ಅಂತಲೇ ನನ್ನ ಅಭಿಪ್ರಾಯ. ಎಷ್ಟು ದೊಡ್ಡ ಹೆಸರಿನ ವಿಶ್ವವಿದ್ಯಾಲಯವಾದರೂ ಸರಿ.

ಹಾಗಾಗಿ ಪ್ರತಿ ವಿಭಾಗಕ್ಕೂ ಇಮೇಲ್ ಬರೆದು ನೇರವಾಗಿ ಕೇಳಿ. ಸೇರಿದವರಲ್ಲಿ ಎಷ್ಟು ಜನರಿಗೆ ಜಿ.ಎ. ಸಿಗುತ್ತದೆ? ವಿದೇಶಿ ವಿದ್ಯಾರ್ಥಿಗಳಿಗೂ ಕೊಡುತ್ತೀರಾ? ಒಪ್ಪಂದ 9 ತಿಂಗಳದ್ದಾ, 12 ತಿಂಗಳದ್ದಾ? ಬೇಸಿಗೆಯಲ್ಲಿ ಸ್ಟೈಪೆಂಡ್ ನಿಂತರೆ ಬಾಡಿಗೆಗೆ ಏನು ಮಾಡುತ್ತೀರಿ, ಅದಕ್ಕೇ ಈ ಪ್ರಶ್ನೆ. ಟ್ಯೂಷನ್ ಮಾಫಿ ಅಂದಮೇಲೂ ಆರೋಗ್ಯ ವಿಮೆ, ಇತರೆ ಫೀಸು ಅಂತ ಕಟ್ಟಬೇಕಾದ್ದು ಉಳಿಯಬಹುದು. ಅದನ್ನೂ ಕೇಳಿ. ನಾಚಿಕೊಳ್ಳಬೇಡಿ, ಅಲ್ಲಿ ಇದನ್ನು ಕೇಳುವುದು ಮಾಮೂಲು.

ಇನ್ನೊಂದು ವಿಷಯ. ಟೆಕ್ಸಾಸ್‌ನಲ್ಲಿ 2024ರ ಜನವರಿಯಿಂದ ಜಾರಿಗೆ ಬಂದ ಕಾನೂನಿನಿಂದಾಗಿ ಸರ್ಕಾರಿ ವಿಶ್ವವಿದ್ಯಾಲಯಗಳು ವೈವಿಧ್ಯ ಮತ್ತು ಒಳಗೊಳ್ಳುವಿಕೆಯ ಕಚೇರಿಗಳನ್ನು (ಎಲ್ಲ ಹಿನ್ನೆಲೆಯ ವಿದ್ಯಾರ್ಥಿಗಳಿಗೂ ಜಾಗ ಸಿಗುವಂತೆ ನೋಡುವ ಕಚೇರಿಗಳು) ಮುಚ್ಚಿದವು. ಫ್ಲಾರಿಡಾದಲ್ಲೂ 2023ರಲ್ಲಿ ಇಂಥದ್ದೇ ಕಾನೂನು ಬಂತು. ನಿಮಗೆ ಆ ಕೆಲಸದಲ್ಲೇ ಆಸಕ್ತಿ ಇದ್ದರೆ ರಾಜ್ಯ ನೋಡಿ ಅರ್ಜಿ ಹಾಕಿ.

ಹುಡುಕುವುದು, ಅರ್ಜಿ ಹಾಕುವುದು

ಇಂಡಿಯಾನಾ ವಿಶ್ವವಿದ್ಯಾಲಯದ ಬ್ಲೂಮಿಂಗ್ಟನ್ ಕ್ಯಾಂಪಸ್, ಓಹಾಯೋ ಸ್ಟೇಟ್, ವರ್ಮಾಂಟ್, ಕನೆಕ್ಟಿಕಟ್ ವಿಶ್ವವಿದ್ಯಾಲಯಗಳಲ್ಲಿ ಇದಕ್ಕೆ ಹೆಸಾ ಅಂತಲೇ ಹೆಸರು. ಬೌಲಿಂಗ್ ಗ್ರೀನ್ ಸ್ಟೇಟ್‌ನಲ್ಲಿ ಕಾಲೇಜ್ ಸ್ಟೂಡೆಂಟ್ ಪರ್ಸನೆಲ್ ಅನ್ನುತ್ತಾರೆ. ಬೇರೆ ಕಡೆ ಬೇರೆ ಹೆಸರು, ಆದ್ದರಿಂದ ಒಂದೇ ಹೆಸರಿನಲ್ಲಿ ಹುಡುಕಬೇಡಿ. ನಾಸ್ಪಾ ಮತ್ತು ಎಸಿಪಿಎ ಈ ವೃತ್ತಿಯವರ ಎರಡು ದೊಡ್ಡ ಸಂಘಗಳು, ಹುಡುಕಾಟಕ್ಕೆ ಅವುಗಳ ವೆಬ್‌ಸೈಟಿನಿಂದ ಶುರು ಮಾಡಿದರೆ ಒಳ್ಳೆಯದು.

ಯಾವ ವಿಷಯದಲ್ಲಿ ಡಿಗ್ರಿ ಆದರೂ ನಡೆಯುತ್ತದೆ. ಎಂಜಿನಿಯರಿಂಗ್, ಬಿ.ಕಾಂ., ಬಿ.ಎ., ಯಾವುದಾದರೂ. ಆದರೆ ನಮ್ಮ ಮೂರು ವರ್ಷದ ಡಿಗ್ರಿಯನ್ನು ಎಲ್ಲ ವಿಶ್ವವಿದ್ಯಾಲಯಗಳೂ ಒಪ್ಪುವುದಿಲ್ಲ, ಅರ್ಜಿ ಶುಲ್ಕ ಕಟ್ಟುವ ಮುಂಚೆ ಕೇಳಿಕೊಳ್ಳಿ. ಬಹಳಷ್ಟು ಕಡೆ ಜಿಆರ್‌ಇ ಪ್ರವೇಶ ಪರೀಕ್ಷೆ ಬೇಡ. ಇಂಗ್ಲಿಷ್ ಪರೀಕ್ಷೆ ಮಾತ್ರ ಸಾಮಾನ್ಯವಾಗಿ ಬೇಕು.

ಸ್ಟೇಟ್‌ಮೆಂಟ್ (ಅರ್ಜಿಯ ಜೊತೆ ನಿಮ್ಮ ಬಗ್ಗೆ ಬರೆದುಕೊಡುವ ಬರಹ) ಬರೆಯುವಾಗ ನಮ್ಮವರು ಎಡವುವುದು ಇಲ್ಲೇ. 'ಬಾಲ್ಯದಿಂದಲೂ ಶಿಕ್ಷಣ ಕ್ಷೇತ್ರದಲ್ಲಿ ಆಸಕ್ತಿ' ಅಂತ ಶುರು ಮಾಡುತ್ತಾರೆ. ಅದನ್ನು ಹೊಡೆದುಹಾಕಿ. ಎನ್‌ಎಸ್‌ಎಸ್‌ನಲ್ಲಿ ಎರಡು ವರ್ಷಕ್ಕೆ 240 ಗಂಟೆ ಸೇವೆ ಮಾಡಿದ್ದೀರಿ, ಹಳ್ಳಿಯಲ್ಲಿ ವಿಶೇಷ ಶಿಬಿರಕ್ಕೆ ಅಡುಗೆಯಿಂದ ಹಿಡಿದು ಶ್ರಮದಾನದವರೆಗೆ ಎಲ್ಲ ಹೊಂದಿಸಿದ್ದೀರಿ. ಬಿಸಿಎಂ ಹಾಸ್ಟೆಲಿನಲ್ಲಿ ಇದ್ದವರಾದರೆ ಅಲ್ಲಿ ಮೊದಲ ತಲೆಮಾರಿನ ಓದುಗರು ಹೇಗೆ ಒದ್ದಾಡುತ್ತಾರೆ ಅಂತ ಹತ್ತಿರದಿಂದ ನೋಡಿದ್ದೀರಿ. ಮನೆಯಲ್ಲಿ ಮೊದಲು ಕಾಲೇಜು ಮೆಟ್ಟಿಲು ಹತ್ತಿದವರಿಗೆ ನೆರವಾಗುವುದು ಅಮೆರಿಕದಲ್ಲೂ ಈ ವೃತ್ತಿಯ ದೊಡ್ಡ ಕೆಲಸ. ನೀವು ಆ ಜಾಗದಿಂದಲೇ ಬಂದವರು ಅಂತ ಬರೆಯಿರಿ, ಏನು ಮಾಡಿದಿರಿ ಅಂತ ವಿವರವಾಗಿ ಬರೆಯಿರಿ. ರೆಕಮೆಂಡೇಶನ್ ಪತ್ರವನ್ನೂ ಬರೀ ಎಚ್‌ಒಡಿ ಹತ್ತಿರ ಬರೆಸಬೇಡಿ. ನಿಮ್ಮ ಕೆಲಸ ಕಂಡ ವಾರ್ಡನ್ನೋ ಎನ್‌ಎಸ್‌ಎಸ್ ಅಧಿಕಾರಿಯೋ ಬರೆದರೆ ತೂಕ ಜಾಸ್ತಿ.

ಆಗಸ್ಟಿನಲ್ಲಿ ಶುರುವಾಗುವ ಕ್ಲಾಸಿಗೆ ಅರ್ಜಿ ಬಹುತೇಕ ಡಿಸೆಂಬರ್-ಜನವರಿಯಲ್ಲೇ ಮುಗಿಯುತ್ತದೆ. ಫೆಬ್ರವರಿ-ಮಾರ್ಚ್‌ನಲ್ಲಿ ಇಂಟರ್‌ವ್ಯೂ. ಎಷ್ಟೋ ಕಡೆ ಸೀಟಿಗೆ ಒಂದು, ಜಿ.ಎ.ಗೆ ಬೇರೆ ಇಂಟರ್‌ವ್ಯೂ ಇರುತ್ತದೆ. ಹಾಸ್ಟೆಲಿನಲ್ಲಿ ಇಬ್ಬರು ರೂಮ್‌ಮೇಟ್‌ಗಳು ಮಾತು ಬಿಟ್ಟಿದ್ದಾರೆ, ನೀವೇನು ಮಾಡುತ್ತೀರಿ, ಈ ತರಹದ ಪ್ರಶ್ನೆಗಳು. ಹಣದ ಆಫರ್ ಬಂದಾಗ ಏಪ್ರಿಲ್ 15 ನೆನಪಿರಲಿ. ಅಲ್ಲಿಯ ಬಹಳಷ್ಟು ವಿಶ್ವವಿದ್ಯಾಲಯಗಳು ಸೇರಿ ಮಾಡಿಕೊಂಡ ಒಪ್ಪಂದದ ಪ್ರಕಾರ ಅದಕ್ಕಿಂತ ಮೊದಲೇ ಉತ್ತರ ಕೊಡಿ ಅಂತ ಒತ್ತಾಯಿಸುವಂತಿಲ್ಲ. ಜಿ.ಎ.ಗೆ ಇದನ್ನು ಹೇಗೆ ಅನ್ವಯಿಸುತ್ತಾರೆ ಅಂತ ಆಯಾ ವಿಶ್ವವಿದ್ಯಾಲಯದಲ್ಲೇ ಕೇಳಿ.

ಕ್ಲಾಸಿನಲ್ಲಿ ಏನಿರುತ್ತದೆ

ವಿದ್ಯಾರ್ಥಿ ಹೇಗೆ ಬೆಳೆಯುತ್ತಾನೆ ಅನ್ನುವ ಸಿದ್ಧಾಂತಗಳು ಜಾಸ್ತಿ. ಆರ್ಥರ್ ಚಿಕರಿಂಗ್ 1969ರಲ್ಲಿ ಹೇಳಿದ ಬೆಳವಣಿಗೆಯ ಏಳು ದಿಕ್ಕುಗಳು, ಹುಡುಗರು ಕಾಲೇಜು ಯಾಕೆ ಬಿಡುತ್ತಾರೆ ಅನ್ನುವ ವಿನ್ಸೆಂಟ್ ಟಿಂಟೊ ವಿವರಣೆ, ಕಾಲೇಜಿನ ಚಟುವಟಿಕೆಯಲ್ಲಿ ಎಷ್ಟು ತೊಡಗುತ್ತಾರೋ ಅಷ್ಟು ಕಲಿಯುತ್ತಾರೆ ಅನ್ನುವ ಅಲೆಗ್ಸಾಂಡರ್ ಆಸ್ಟಿನ್ ವಾದ.

ನನ್ನ ಮಟ್ಟಿಗೆ ಎಲ್ಲಕ್ಕಿಂತ ರುಚಿಯಾದ ಭಾಗ ಕಾನೂನು. ಮೊದಲೆಲ್ಲ ಅಲ್ಲೂ ಕಾಲೇಜೇ ಅಪ್ಪ-ಅಮ್ಮನ ಜಾಗದಲ್ಲಿತ್ತು, ಬೇಡ ಅನಿಸಿದ ವಿದ್ಯಾರ್ಥಿಯನ್ನು ಹೊರಗೆ ಹಾಕಬಹುದಿತ್ತು. 1960ರಲ್ಲಿ ಅಲಬಾಮಾ ಸ್ಟೇಟ್ ಕಾಲೇಜಿನ ಕಪ್ಪು ವಿದ್ಯಾರ್ಥಿಗಳು ಬಿಳಿಯರಿಗೆ ಮಾತ್ರ ಊಟ ಕೊಡುತ್ತಿದ್ದ ಕ್ಯಾಂಟೀನಿನಲ್ಲಿ ಹೋಗಿ ಕೂತರು. ಕಾಲೇಜು ಕೆಲವರನ್ನು ವಿಚಾರಣೆಯೇ ಇಲ್ಲದೆ ಹೊರಗೆ ಹಾಕಿತು. 1961ರ ಡಿಕ್ಸನ್ ಪ್ರಕರಣದಲ್ಲಿ ಫೆಡರಲ್ ಮೇಲ್ಮನವಿ ನ್ಯಾಯಾಲಯ, ಸರ್ಕಾರಿ ಕಾಲೇಜು ನೋಟಿಸ್ ಕೊಡದೆ, ಮಾತು ಕೇಳದೆ ಯಾರನ್ನೂ ಹಾಗೆ ಹೊರಗೆ ಹಾಕುವಂತಿಲ್ಲ ಅಂದಿತು. ಇವತ್ತು ನೀವು ಜಿ.ಎ. ಆಗಿ ಶಿಸ್ತಿನ ವಿಚಾರಣೆಯಲ್ಲಿ ಕೂತರೆ, ಅಲ್ಲಿನ ಒಂದೊಂದು ಫಾರಂ ಹಿಂದೆಯೂ ಆ ತೀರ್ಪು ಇದೆ. 1974ರ ಫೆರ್ಪಾ ಕಾನೂನು ನಮ್ಮವರಿಗೆ ಇನ್ನೂ ವಿಚಿತ್ರ ಅನಿಸಬಹುದು. ಕಾಲೇಜು ಸೇರಿದ ಮೇಲೆ ಮಾರ್ಕ್ಸಿನ ದಾಖಲೆ ಮೇಲಿನ ಹಕ್ಕು ಮಗನದು, ಮಗಳದು. ಕೆಲವು ವಿನಾಯಿತಿ ಬಿಟ್ಟರೆ, ಅಪ್ಪ ಫೋನ್ ಮಾಡಿ ಎಷ್ಟು ಬಂತು ಅಂದರೂ ಕಚೇರಿಯವರು ಹೇಳುವಂತಿಲ್ಲ!

ಇದರ ಜೊತೆ ಪ್ರಾಕ್ಟಿಕಮ್ ಇರುತ್ತದೆ, ನಿಮ್ಮ ಜಿ.ಎ. ಬಿಟ್ಟು ಬೇರೆ ಕಚೇರಿಯಲ್ಲಿ ಕಲಿಯುವ ಕೆಲಸ. ಮೊದಲನೆಯದು ಹಾಸ್ಟೆಲ್ ಆದರೆ ಎರಡನೆಯದು ಅಡ್ವೈಸಿಂಗ್ ಆಯ್ಕೆ ಮಾಡಿ, ಮುಂದೆ ಬಾಗಿಲುಗಳು ಜಾಸ್ತಿ ತೆರೆಯುತ್ತವೆ.

ವೀಸಾ ಮತ್ತು ಆಮೇಲಿನ ಕೆಲಸ

ಎಫ್-1 (ವಿದ್ಯಾರ್ಥಿ) ವೀಸಾ ಇಂಟರ್‌ವ್ಯೂನಲ್ಲಿ ಅಧಿಕಾರಿಗೆ ಈ ಡಿಗ್ರಿ ಏನು ಅಂತ ಎರಡು ವಾಕ್ಯದಲ್ಲಿ ಹೇಳಲು ಬರಬೇಕು, ಕನ್ನಡಿ ಮುಂದೆ ನಿಂತು ಹೇಳಿ ನೋಡಿ. ವೀಸಾಕ್ಕೆಂದು ವಿಶ್ವವಿದ್ಯಾಲಯ ಕೊಡುವ ಐ-20 ಪತ್ರದಲ್ಲಿ ಜಿ.ಎ. ಹಣ ನಮೂದಾಗಿದೆಯಾ ಪರಿಶೀಲಿಸಿ. ಸೆಮಿಸ್ಟರ್ ನಡೆಯುವಾಗ ಕ್ಯಾಂಪಸ್ ಕೆಲಸ ವಾರಕ್ಕೆ 20 ಗಂಟೆ ದಾಟುವಂತಿಲ್ಲ. ಹಾಸ್ಟೆಲ್ ಕೆಲಸದಲ್ಲಿ ರಾತ್ರಿ ಡ್ಯೂಟಿಯನ್ನು ಹೇಗೆ ಲೆಕ್ಕ ಹಾಕುತ್ತಾರೆ ಅಂತ ವಿದೇಶಿ ವಿದ್ಯಾರ್ಥಿಗಳ ಕಚೇರಿಯಲ್ಲಿ ಬರವಣಿಗೆಯಲ್ಲೇ ಕೇಳಿಟ್ಟುಕೊಳ್ಳಿ.

ಇದು ಸ್ಟೆಮ್ (ವಿಜ್ಞಾನ, ತಂತ್ರಜ್ಞಾನ, ಎಂಜಿನಿಯರಿಂಗ್, ಗಣಿತ) ಪಟ್ಟಿಯ ಡಿಗ್ರಿ ಅಲ್ಲ, ಹಾಗಾಗಿ ಓದಿದ ಮೇಲೆ ಒಪಿಟಿ, ಅಂದರೆ ಓದಿದ ಕ್ಷೇತ್ರದಲ್ಲೇ ಕೆಲಸ ಮಾಡಲು ಸಿಗುವ ಅನುಮತಿ, 12 ತಿಂಗಳು ಮಾತ್ರ. ಕೋರ್ಸ್ ಮುಗಿಯುವ 90 ದಿನ ಮೊದಲೇ ಅರ್ಜಿ ಹಾಕಬಹುದು, ಹಾಕಿಬಿಡಿ. ಒಪಿಟಿಯಲ್ಲಿ ಒಟ್ಟು 90 ದಿನಕ್ಕಿಂತ ಜಾಸ್ತಿ ಕೆಲಸವಿಲ್ಲದೆ ಇರುವಂತಿಲ್ಲ. ವಿಶ್ವವಿದ್ಯಾಲಯಗಳು ಎಚ್-1ಬಿ (ಉದ್ಯೋಗ ವೀಸಾ) ಲಾಟರಿಯ ಮಿತಿಗೆ ಒಳಪಡುವುದಿಲ್ಲ ಅನ್ನುವುದು ನಿಮಗೆ ಅನುಕೂಲ, ಆದರೆ ಶುರುವಿನ ಹುದ್ದೆಗಳಿಗೆ ಎಲ್ಲರೂ ಸ್ಪಾನ್ಸರ್ ಮಾಡುವುದಿಲ್ಲ. ಹೊರದೇಶದಲ್ಲಿ ಇರುವವರಿಗೆ ಹಾಕುವ ಹೊಸ ಎಚ್-1ಬಿ ಅರ್ಜಿಗಳ ಮೇಲೆ 2025ರ ಸೆಪ್ಟೆಂಬರಿನಲ್ಲಿ 1 ಲಕ್ಷ ಡಾಲರ್ ಶುಲ್ಕ ಬೇರೆ ಹೇರಿದರು. ನಿಯಮ ಬದಲಾಗುತ್ತಲೇ ಇರುತ್ತದೆ, ಆಯಾ ಹೊತ್ತಿನದನ್ನು ನೋಡಿಕೊಳ್ಳಿ.

ವಾಪಸ್ ಬರುವವರು ಬೆಂಗಳೂರಿನ ಖಾಸಗಿ ವಿಶ್ವವಿದ್ಯಾಲಯಗಳಲ್ಲಿ ಸ್ಟೂಡೆಂಟ್ ಅಫೇರ್ಸ್, ರೆಸಿಡೆನ್ಷಿಯಲ್ ಲೈಫ್, ಕೆರಿಯರ್ ಸರ್ವಿಸಸ್ ಅನ್ನುವ ಹುದ್ದೆಗಳನ್ನು ಹುಡುಕಿ. ಇಲ್ಲಿ ಡೀನ್ ಆಗಲು ಸಾಮಾನ್ಯವಾಗಿ ಪ್ರೊಫೆಸರ್ ಆಗಿರಬೇಕು ಅನ್ನುವುದು ಗೊತ್ತಿರಲಿ, ಪಿಎಚ್‌ಡಿ ಮಾಡುವ ಮನಸ್ಸಿದ್ದರೆ ಅದನ್ನು ಮೊದಲೇ ತೀರ್ಮಾನಿಸಿ.